ಬೆಲುಂ ಗುಹೆಗೆ ಹೋಗೋ ಮುಂಚೆ: ಸುಣ್ಣಕಲ್ಲಿನ ಒಂದು ಪಾಠ

ಇಂಟರ್ನಲ್ಸ್ ಮುಗಿದ ಮೇಲೆ ಟ್ರಿಪ್ ಎಲ್ಲಿಗೆ ಅನ್ನೋ ಚರ್ಚೆ ಶುರುವಾದರೆ ನಂದಿ ಬೆಟ್ಟ, ಸಾವನದುರ್ಗ, ಗೋಕರ್ಣ ಆದಮೇಲೆ ಯಾರಾದ್ರೂ ಒಬ್ಬರು ಬೆಲುಂ ಗುಹೆ ಅಂದೇ ಅಂತಾರೆ. ಬೆಂಗಳೂರಿಂದ ಅನಂತಪುರ, ತಾಡಿಪತ್ರಿ ಮೇಲೆ ಹೋದರೆ ಮುನ್ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಬೆಳಗಿನ ಜಾವ ಬನಶಂಕರಿಯಿಂದ ಟಿಟಿ ಹೊರಟರೆ ರಾತ್ರಿ ಊಟಕ್ಕೆ ವಾಪಸ್. ನಮ್ಮ ಕನ್ನಡ ಕೂಟದ ಗುಂಪೂ ಹೀಗೇ ಹೋಗಿ ಬಂದಿದೆ.

ಹೋಗಿ ಬಂದವರ ಫೋಟೋಗಳನ್ನು ನೋಡಿದರೆ ಎಲ್ಲವೂ ಒಂದೇ ಥರ. ಕೆಂಪು, ಹಸಿರು ದೀಪ, ಅದರ ಮುಂದೆ ಬೆವರಿದ ಹತ್ತು ಮುಖ. ಆದರೆ ಆ ಮುಖಗಳ ಹಿಂದೆ ಇರೋ ಕಲ್ಲಿನ ಕಥೆ ಗೊತ್ತಿದ್ದರೆ ಆ ಒಂದೂವರೆ ಗಂಟೆ ಬೇರೆ ಥರ ಇರತ್ತೆ. ಗೊತ್ತಿಲ್ಲದೆ ಹೋದರೆ ನಮಗಷ್ಟೇ ಅಲ್ಲ, ಗುಹೆಗೂ ನಷ್ಟ. ಅದಕ್ಕೇ ಈ ಪಾಠ. ಮೊದಲ ವರ್ಷದ ಕೆಮಿಸ್ಟ್ರಿ ನೆನಪಿದ್ದರೆ ಸಾಕು. ನೆನಪಿಲ್ಲದಿದ್ದರೂ ಪರವಾಗಿಲ್ಲ, ನಿಮ್ಮ ಬಚ್ಚಲುಮನೆಯ ಗೀಸರ್ ನೆನಪಿಸತ್ತೆ.

1. ನಮ್ಮ ಬೆಂಗಳೂರಲ್ಲಿ ಇಂಥ ಗುಹೆ ಯಾಕಿಲ್ಲ?

"ಇಲ್ಲ ಅಂದ್ರೆ ಹೇಗೆ? ಗವಿಪುರದಲ್ಲಿ ಗವಿ ಗಂಗಾಧರೇಶ್ವರ ಇದಾನೆ, ಹುಳಿಮಾವಲ್ಲಿ ಗುಹಾ ದೇವಸ್ಥಾನ ಇದೆ" ಅಂತ ನೀವು ಕೇಳಬಹುದು. ನಿಜ. ಹೆಸರಲ್ಲೇ ಗವಿ ಇರೋ ಬಡಾವಣೆ ನಮ್ಮದು. ಆದರೆ ಅವು ಗಟ್ಟಿ ಬಂಡೆಯ ಗವಿಗಳು. ಲಾಲ್‌ಬಾಗಿನ ಬಂಡೆ ಹತ್ತಿ ಕೆಂಪೇಗೌಡರ ಗೋಪುರದ ಹತ್ತಿರ ನಿಂತರೆ ಕಾಲ ಕೆಳಗೆ ಇರೋದು ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು. ಅದರ ಹೆಸರು ಪೆನಿನ್ಸುಲರ್ ನೈಸ್. (ನೈಸ್ ರೋಡಿಗೂ ಇದಕ್ಕೂ ಸಂಬಂಧವಿಲ್ಲ.) ಕಾವು ಮತ್ತು ಒತ್ತಡದಲ್ಲಿ ಬೆಂದು ಹದವಾದ ಈ ಕಲ್ಲಲ್ಲಿ ಇರೋದು ಹೆಚ್ಚಾಗಿ ಕ್ವಾರ್ಟ್ಜ್ ಮತ್ತು ಫೆಲ್ಡ್‌ಸ್ಪಾರ್. ಮಳೆನೀರು ಇದನ್ನು ಸವೆಸಬಹುದು, ಸೀಳಬಹುದು, ಆದರೆ ಸಕ್ಕರೆ ಥರ ಕರಗಿಸೋಕೆ ಆಗಲ್ಲ. ಹಾಗಾಗಿ ಇಲ್ಲಿ ಗವಿ ಆಗಬೇಕಾದರೆ ಬಂಡೆ ಮೇಲೆ ಬಂಡೆ ಒರಗಿ ಸಂದಾಗಬೇಕು, ಇಲ್ಲವೇ ಮನುಷ್ಯ ಉಳಿ ಹಿಡಿಯಬೇಕು.

ಕಿಲೋಮೀಟರ್‌ಗಟ್ಟಲೆ ಉದ್ದದ ಗುಹೆಗೆ ನೀರಲ್ಲಿ ಕರಗೋ ಕಲ್ಲು ಬೇಕು. ಅದೇ ಸುಣ್ಣಕಲ್ಲು. ರಾಸಾಯನಿಕವಾಗಿ ಹೇಳಿದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತು ಗಟ್ಟಿಯಾದದ್ದು. ಬೆಲುಂ ಇರುವ ಕರ್ನೂಲು, ನಂದ್ಯಾಲ, ಕಡಪ ಸೀಮೆಯಲ್ಲಿ ಈಗ ಬಿಸಿಲು ಸುಡುತ್ತದೆ. ಅಲ್ಲಿ 50 ಕೋಟಿ ವರ್ಷಕ್ಕೂ ಹಿಂದೆ ಆಳವಿಲ್ಲದ ಸಮುದ್ರ ಇತ್ತು.

2. ಬೆಲುಂ ನಿಮ್ಮ ಅಡುಗೆಮನೆಯಲ್ಲೇ ಇದೆ

ಜಯನಗರ, ಬನಶಂಕರಿಯ ಹಳೇ ಮನೆಗಳ ಅಡುಗೆಕಟ್ಟೆ ನೋಡಿ. ಕಪ್ಪು ನುಣುಪಾದ ಕಲ್ಲು. ಪಾತ್ರೆ ಇಡೋ ಸ್ಲ್ಯಾಬ್, ಪುಸ್ತಕದ ಗೂಡಿನ ಹಲಗೆ, ಎಲ್ಲದಕ್ಕೂ ಅದೇ. ನಾವೆಲ್ಲ ಕರೆಯೋದು "ಕಡಪ ಕಲ್ಲು" ಅಂತ. ಅದು ಬೆಲುಂ ಗುಹೆ ಇರೋ ಸೀಮೆಯದೇ ಕಪ್ಪು ಸುಣ್ಣಕಲ್ಲು. ಅಂದರೆ ಮುನ್ನೂರು ಕಿಲೋಮೀಟರ್ ಪ್ರಯಾಣ ಮಾಡಿ ನೋಡೋ ಗೋಡೆಯ ಸಂಬಂಧಿ ನಮ್ಮ ಮಿಕ್ಸಿ ಕೆಳಗೆ ಕೂತಿದೆ.

ಇದನ್ನು ಪರೀಕ್ಷೆ ಮಾಡಿ ನೋಡಬಹುದು. ಎಲ್ಲಾದರೂ ಒಡೆದ ಕಡಪ ಕಲ್ಲಿನ ಚೂರು ಸಿಕ್ಕರೆ ಅದರ ಮೇಲೆ ನಿಂಬೆರಸ ಹಿಂಡಿ ಹತ್ತು ನಿಮಿಷ ಬಿಡಿ. ಒರೆಸಿದಾಗ ಹೊಳಪು ಹೋಗಿ ಮಂಕು ಕಲೆ ಕಾಣತ್ತೆ. ಗ್ರಾನೈಟ್ ಕಟ್ಟೆ ಮೇಲೆ ಇದೇ ಮಾಡಿದರೆ ಆ ಥರ ಕಲೆ ಆಗಲ್ಲ. "ಕಡಪ ಕಲ್ಲಿನ ಮೇಲೆ ಹುಣಸೆಹಣ್ಣು, ನಿಂಬೆಹಣ್ಣು ಬಿಡಬೇಡ್ರೋ" ಅಂತ ಅಮ್ಮಂದಿರು ಬೈಯೋದು ಇದಕ್ಕೇ. ಆಮ್ಲ ತಾಗಿದಲ್ಲಿ ಸುಣ್ಣಕಲ್ಲು ಕರಗಿದೆ, ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗಿದೆ. ಗುಹೆ ಆಗಿದ್ದೂ ಆಮ್ಲದಿಂದಲೇ. ನಿಂಬೆರಸಕ್ಕಿಂತ ತುಂಬಾ ಸಪ್ಪೆ ಆಮ್ಲ, ಆದರೆ ಲಕ್ಷಾಂತರ ವರ್ಷ ಹರಿದದ್ದು.

3. ಕಲ್ಲು ಕರಗೋದು ಹೇಗೆ?

ಮಳೆನೀರು ಗಾಳಿಯಲ್ಲಿ ಬೀಳುವಾಗ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಹೀರಿಕೊಳ್ಳತ್ತೆ. ಗಾಳಿಯಲ್ಲಿ ಅದು ಇರೋದೇ ಸುಮಾರು 0.04 ಶೇಕಡ, ಹಾಗಾಗಿ ಇದು ಅಷ್ಟಕ್ಕಷ್ಟೆ. ನಿಜವಾದ ಕೆಲಸ ನಡೆಯೋದು ಮಣ್ಣಲ್ಲಿ. ಬೇರುಗಳು ಉಸಿರಾಡುತ್ತವೆ, ಕೊಳೆಯೋ ಎಲೆಗಳಲ್ಲಿ ಬ್ಯಾಕ್ಟೀರಿಯಾ ಉಸಿರಾಡುತ್ತವೆ. ಮಣ್ಣಿನ ಸಂದಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಹೆಚ್ಚಿರಬಹುದು. ಅದರ ಮೂಲಕ ಇಳಿದ ನೀರು ತೆಳು ಸೋಡಾದಂತಾಗುತ್ತದೆ. ಅದೇ ಕಾರ್ಬೊನಿಕ್ ಆಮ್ಲ.

ಈ ನೀರು ಸುಣ್ಣಕಲ್ಲಿನ ಬಿರುಕಿಗೆ ಇಳಿದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗುತ್ತದೆ, ನೀರಿನ ಜೊತೆ ಹೊರಟುಹೋಗುತ್ತದೆ. ಕೂದಲೆಳೆಯಷ್ಟು ಬಿರುಕು ಮೊದಲು ಬೆರಳಗಲ ಆಗತ್ತೆ. ಅಗಲ ಆದಷ್ಟೂ ನೀರು ಹೆಚ್ಚು ಹರಿಯತ್ತೆ, ನೀರು ಹೆಚ್ಚು ಹರಿದಷ್ಟೂ ಅಗಲ ಆಗತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದುವ ಸೀನಿಯರ್ಸ್ ಇದನ್ನು ಪಾಸಿಟಿವ್ ಫೀಡ್‌ಬ್ಯಾಕ್ ಅಂತಾರೆ. ಅದಕ್ಕೇ ನೂರಾರು ಬಿರುಕುಗಳಲ್ಲಿ ಕೆಲವು ಮಾತ್ರ ಗೆದ್ದು ಸುರಂಗ ಆಗುತ್ತವೆ, ಉಳಿದವು ಬಿರುಕಾಗಿಯೇ ಉಳಿಯುತ್ತವೆ.

ನೀರು ಪೂರ್ತಿ ತುಂಬಿ ಹರಿದಿದ್ದರೆ ಗೋಡೆ, ಚಾವಣಿ, ನೆಲ ಎಲ್ಲ ಕಡೆ ಸಮನಾಗಿ ಕರಗುತ್ತದೆ. ಒಳಗೆ ಹೋದಾಗ ಗೋಡೆಗಳು ಕುಂಬಾರ ತೀಡಿದಂತೆ ಗುಂಡಗೆ, ನುಣ್ಣಗೆ ಇರೋದನ್ನು ಗಮನಿಸಿ. ನೀವು ನಡೀತಿರೋದು ಒಂದು ಕಾಲದ ಪೈಪಿನೊಳಗೆ. ಆಮೇಲೆ ಅಂತರ್ಜಲದ ಮಟ್ಟ ಇಳಿದಾಗ ಪೈಪು ಖಾಲಿಯಾಯಿತು, ಗಾಳಿ ಒಳಗೆ ಬಂತು. ಇಲ್ಲಿಂದ ಎರಡನೇ ಅಧ್ಯಾಯ.

4. ಕಲ್ಲು ಬೆಳೆಯೋದು ಹೇಗೆ?

ಈ ಪ್ರಶ್ನೆಯನ್ನು ನಮ್ಮ ಗುಂಪಿನ ಒಬ್ಬಳ ಅಜ್ಜಿ ಕೇಳಿದರು. ಫೋಟೋ ನೋಡುತ್ತಾ, "ಕಲ್ಲು ಮೇಲಿಂದ ಇಳಿದು ಬೆಳೆಯತ್ತಾ? ಅದೇನು ಆಲದ ಬಿಳಲಾ?" ಅಂದರು. ನಮಗೆಲ್ಲ ಇಂಗ್ಲಿಷಿನಲ್ಲಿ ಡೆಫಿನಿಷನ್ ಬಾಯಿಪಾಠ ಬರತ್ತೆ. ಆದರೆ ಕನ್ನಡದಲ್ಲಿ ಅಜ್ಜಿಗೆ ಹೇಳೋಕೆ ಹೊರಟಾಗ ಸರಿಯಾಗಿ ಅರ್ಥ ಆಗಿದ್ದೆಷ್ಟು ಅಂತ ಗೊತ್ತಾಗೋದು. ಹೇಳ್ತಾ ಹೇಳ್ತಾ ಅಜ್ಜಿಯ ಸುಣ್ಣದ ಡಬ್ಬಿಯೇ ಉದಾಹರಣೆ ಆಯ್ತು. ಎಲೆ ಅಡಿಕೆಗೆ ಹಚ್ಚೋ ಸುಣ್ಣವನ್ನು ಮುಚ್ಚಳ ತೆಗೆದಿಟ್ಟರೆ ಮೇಲೆ ಗಟ್ಟಿ ಪದರ ಕಟ್ಟತ್ತೆ ಅಲ್ವಾ? ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣಕಲ್ಲು ಆಗ್ತಿದೆ. ಹಬ್ಬಕ್ಕೆ ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗೋದೂ ಹೀಗೇ. ಸುಣ್ಣದ ಗೂಡಿನಲ್ಲಿ ಕಲ್ಲು ಸುಟ್ಟು ಸುಣ್ಣ ಮಾಡ್ತಾರೆ, ಗೋಡೆ ಮೇಲೆ ಅದು ತಿರುಗಿ ಕಲ್ಲಾಗತ್ತೆ.

ಗುಹೆಯಲ್ಲಿ ಇದಕ್ಕಿಂತ ಸ್ವಲ್ಪ ಬೇರೆ, ಇಲ್ಲೇ ಎಲ್ಲರೂ ಎಡವೋದು. ಡಬ್ಬಿಯ ಸುಣ್ಣ ಕಲ್ಲಾಗೋಕೆ ಕಾರ್ಬನ್ ಡೈಆಕ್ಸೈಡ್ ಒಳಗೆ ಬರಬೇಕು. ಗುಹೆಯ ಹನಿ ಕಲ್ಲಾಗೋಕೆ ಅದು ಹೊರಗೆ ಹೋಗಬೇಕು. ಸೋಡಾ ಬಾಟಲಿ ನೆನಪಿಸಿಕೊಳ್ಳಿ. ಮುಚ್ಚಳ ತೆಗೆದ ಕೂಡಲೇ ಒತ್ತಡ ಇಳಿದು ಗ್ಯಾಸ್ ಹೊರಬರುತ್ತದೆ. ಮಣ್ಣಿನ ಸೋಡಾನೀರು ಬಿರುಕಿನಿಂದ ಇಳಿದು ಗುಹೆಯ ಚಾವಣಿಯಲ್ಲಿ ಹನಿಯಾಗಿ ನೇತಾಡುವಾಗ ಅದೇ ಆಗುತ್ತದೆ. ಗುಹೆಯ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹನಿಯಲ್ಲಿರೋದಕ್ಕಿಂತ ಕಡಿಮೆ, ಹಾಗಾಗಿ ಹನಿಯಿಂದ ಗ್ಯಾಸ್ ಹೊರಗೆ. ಗ್ಯಾಸ್ ಹೋದ ಮೇಲೆ ಅಷ್ಟು ಸುಣ್ಣ ಹಿಡಿದಿಟ್ಟುಕೊಳ್ಳೋ ಶಕ್ತಿ ನೀರಿಗಿಲ್ಲ. ಒಂದು ಚೂರು ಕಲ್ಲು ಬಿಟ್ಟು ಹನಿ ಕೆಳಗೆ ಬೀಳುತ್ತದೆ. ಬಿದ್ದಲ್ಲಿ ಇನ್ನೊಂದು ಚೂರು ಬಿಡುತ್ತದೆ.

"ನೀರು ಆವಿಯಾಗಿ ಸುಣ್ಣ ಉಳಿಯತ್ತೆ" ಅಂತ ಬರೆದರೆ ಅರ್ಧ ಮಾರ್ಕ್ಸ್ ಕೂಡ ಕಷ್ಟ. ಆಳದ ಗುಹೆಯ ಗಾಳಿ ತೇವದಿಂದ ತುಂಬಿರುತ್ತದೆ, ಅಲ್ಲಿ ಆವಿಯಾಗೋದು ತೀರಾ ಕಡಿಮೆ. ಮುಖ್ಯ ಕಾರಣ ಗ್ಯಾಸ್ ಹೊರಹೋಗೋದು. ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗತ್ತೆ.

ಗೀಸರ್ ಕಥೆಯೂ ಇದೇ. ಜೆಪಿ ನಗರ, ಬಿಟಿಎಂ ಕಡೆ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬಳಸೋ ಪಿಜಿಗಳಲ್ಲಿ ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟತ್ತೆ, ಷವರ್ ತೂತುಗಳು ಮುಚ್ಚಿಹೋಗುತ್ತವೆ. ಬೈಕಾರ್ಬೊನೇಟ್ ಇರೋ ನೀರನ್ನು ಕಾಯಿಸಿದಾಗ ಕಾರ್ಬನ್ ಡೈಆಕ್ಸೈಡ್ ಹೋಗಿ ಕಾರ್ಬೊನೇಟ್ ಕೂರುತ್ತದೆ. ಮೊದಲ ವರ್ಷದ ಲ್ಯಾಬಿನಲ್ಲಿ ಇಡಿಟಿಎ ಹಾಕಿ ಕೆಂಪು ಬಣ್ಣ ನೀಲಿಯಾಗೋವರೆಗೂ ಟೈಟ್ರೇಟ್ ಮಾಡಿ ನೀರಿನ ಗಡಸುತನ ಅಳೆದದ್ದು ಇದನ್ನೇ. ಷವರ್‌ನ ತೂತಿನಲ್ಲಿ ಇರೋದು ಅವಸರದ ಗುಹೆ.

ಇನ್ನು ಹೆಸರು. ಮೇಲಿಂದ ಇಳಿಯೋದು ಸ್ಟ್ಯಾಲಕ್ಟೈಟ್, ಕೆಳಗಿಂದ ಏಳೋದು ಸ್ಟ್ಯಾಲಗ್ಮೈಟ್. ಯಾವುದು ಯಾವುದು ಅಂತ ಪ್ರತಿಸಲ ಗೊಂದಲ. ನಾವು ಕೂಟದಲ್ಲಿ ಕೂತು ಇಳಿಗಲ್ಲು, ಏಳುಗಲ್ಲು ಅಂತ ಇಟ್ಟುಕೊಂಡಿದ್ದೇವೆ. ಎರಡೂ ಸೇರಿದರೆ ಕಂಬ. ನಿಘಂಟಿನವರು ಒಪ್ಪಲಿ ಬಿಡಲಿ, ಗೊಂದಲ ಅಂತೂ ಹೋಯ್ತು. ಮುಂದೆ ಇವೇ ಹೆಸರು ಬಳಸುತ್ತೇವೆ.

5. ಒಂದು ಸೆಮಿಸ್ಟರಿಗೆ ಎಷ್ಟು ಕಲ್ಲು?

ಒಂದು ಲೆಕ್ಕ ಹಾಕೋಣ. ಒಂದು ಹನಿ 0.05 ಮಿಲಿಲೀಟರ್ ಅಂತಿಟ್ಟುಕೊಳ್ಳಿ. ಪ್ರತಿ ಲೀಟರ್ ನೀರು 100 ಮಿಲಿಗ್ರಾಂ ಕಲ್ಲು ಬಿಟ್ಟುಹೋಗತ್ತೆ ಅಂತಿಟ್ಟುಕೊಳ್ಳಿ. ಆಗ ಒಂದು ಹನಿ ಬಿಡೋದು 0.005 ಮಿಲಿಗ್ರಾಂ. ಒಂದು ಗ್ರಾಂ ಕಲ್ಲಿಗೆ 2 ಲಕ್ಷ ಹನಿ ಬೇಕು. ನಿಮಿಷಕ್ಕೊಂದು ಹನಿ ಬಿದ್ದರೆ ದಿನಕ್ಕೆ 1,440. ಒಟ್ಟು 139 ದಿನ. ಅಂದರೆ ಕಾಲೇಜು ಶುರುವಾದ ದಿನದಿಂದ ಸೆಮಿಸ್ಟರ್ ಎಕ್ಸಾಂ ಮುಗಿಯೋವರೆಗೆ, ಹಗಲು ರಾತ್ರಿ ತೊಟ್ಟಿಕ್ಕಿದರೆ ಒಂದು ಗ್ರಾಂ.

ಉದ್ದದ ಲೆಕ್ಕವೂ ಹಾಗೇ. ಇಳಿಗಲ್ಲು ಬೆಳೆಯೋ ವೇಗ ಜಾಗದಿಂದ ಜಾಗಕ್ಕೆ ಬದಲಾಗತ್ತೆ, ಆದರೆ ಅಂದಾಜಿಗೆ ವರ್ಷಕ್ಕೆ 0.1 ಮಿಲಿಮೀಟರ್ ತೆಗೆದುಕೊಳ್ಳಬಹುದು. ಅದು ಒಂದು ಎ4 ಹಾಳೆಯ ದಪ್ಪ. ನಾಲ್ಕು ವರ್ಷದ ಇಂಜಿನಿಯರಿಂಗ್ ಅಂದರೆ ನಾಲ್ಕು ಹಾಳೆ. ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದಾಗ ಹುಟ್ಟಿದ ಇಳಿಗಲ್ಲು ಇವತ್ತಿಗೆ ಸುಮಾರು ಐದು ಸೆಂಟಿಮೀಟರ್, ಕಿರುಬೆರಳಷ್ಟು. ಒಂದು ಮೀಟರ್ ಉದ್ದದ್ದು ಕಂಡರೆ ಅದಕ್ಕೆ ಹತ್ತು ಸಾವಿರ ವರ್ಷ. ಅದನ್ನು ಮುರಿಯೋಕೆ ಒಂದು ಸೆಕೆಂಡ್ ಸಾಕು.

6. ಬೆಲುಂ ಒಳಗೆ

ಬೆಲುಂ ಗುಹೆ ಇರೋದು ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಯ ಕೊಲಿಮಿಗುಂಡ್ಲ ಮಂಡಲದಲ್ಲಿ, ಮೊದಲು ಅದು ಕರ್ನೂಲು ಜಿಲ್ಲೆ. ಹೆಸರು ಸಂಸ್ಕೃತದ "ಬಿಲ"ದಿಂದ ಬಂದದ್ದು ಅಂತಾರೆ. ನಮ್ಮ ಇಲಿಬಿಲ, ಹಾವಿನ ಬಿಲದ ಅದೇ ಬಿಲ. ಬೆಟ್ಟ ಹತ್ತಬೇಕು ಅಂದುಕೊಂಡು ಹೋದವರಿಗೆ ಆಶ್ಚರ್ಯ ಕಾದಿರತ್ತೆ. ಮಟ್ಟಸ ಬಯಲಲ್ಲಿ ಬಾವಿಯಂಥ ಗುಂಡಿಗಳು. ಮೆಟ್ಟಿಲಿಳಿದರೆ ಕಾಲ ಕೆಳಗೆ ಇನ್ನೊಂದು ಊರು.

1884ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದರ ಬಗ್ಗೆ ಬರೆದರು. ನಮ್ಮ ಬಳ್ಳಾರಿ ಸೀಮೆಯ ಕಲ್ಲುಗಳನ್ನೂ ಓದಿದ ಮನುಷ್ಯ ಅವರು. ಆಮೇಲೆ ಸುಮಾರು ನೂರು ವರ್ಷ ಹೆಚ್ಚಿನವರು ಇತ್ತ ತಲೆಹಾಕಲಿಲ್ಲ. 1980ರ ದಶಕದ ಮೊದಲಲ್ಲಿ ಡೇನಿಯಲ್ ಗೆಬಾವರ್ ನೇತೃತ್ವದ ಜರ್ಮನ್ ತಂಡ ಬಂದು ಒಳಗೆ ತೆವಳಿ, ಅಳೆದು ನಕ್ಷೆ ಮಾಡಿತು. ಒಟ್ಟು ಉದ್ದ 3,229 ಮೀಟರ್. ಮೇಘಾಲಯದ ಗುಹೆಗಳನ್ನು ಬಿಟ್ಟರೆ ನಮ್ಮ ದೇಶದಲ್ಲಿ ಇಷ್ಟು ಉದ್ದದ್ದು ಸಿಗೋದು ಕಷ್ಟ. ಆಂಧ್ರದ ಪ್ರವಾಸೋದ್ಯಮ ನಿಗಮ ದಾರಿ, ಮೆಟ್ಟಿಲು, ದೀಪ, ಒಳಗೆ ಗಾಳಿ ಬರೋ ವ್ಯವಸ್ಥೆ ಮಾಡಿ 2002ರಲ್ಲಿ ಜನರಿಗೆ ತೆರೆಯಿತು. ನಾವು ನಡೆಯಬಹುದಾದದ್ದು ಅರ್ಧದಷ್ಟು, ಸುಮಾರು ಒಂದೂವರೆ ಕಿಲೋಮೀಟರ್.

ಒಳಗೆ ಸಿಂಹದ್ವಾರ, ಕೋಟಿಲಿಂಗಗಳು, ಧ್ಯಾನಮಂದಿರ ಅಂತೆಲ್ಲ ಹೆಸರುಗಳಿವೆ. ಕೋಟಿಲಿಂಗದ ಹತ್ತಿರ ಚಾವಣಿಯಿಂದ ಇಳಿದ ಇಳಿಗಲ್ಲುಗಳ ಗುಂಪು, ಒಂದು ಕಡೆ ಆಲದ ಮರದ ಬಿಳಲಿನಂತೆಯೇ ಕಾಣೋ ರಚನೆ. ಅಜ್ಜಿ ಅಂದದ್ದು ಸರಿಯೇ! ಎಲ್ಲಕ್ಕಿಂತ ಕೆಳಗೆ ಪಾತಾಳಗಂಗೆ, ನೆಲಮಟ್ಟದಿಂದ 46 ಮೀಟರ್ ಆಳ. ಅಲ್ಲಿ ಇನ್ನೂ ನೀರು ಹರಿದು ಕಲ್ಲಿನೊಳಗೆ ಮಾಯವಾಗತ್ತೆ. ಹೆಚ್ಚಿನವರು ಅಲ್ಲಿ ಸೆಲ್ಫಿ ತೆಗೆದು ವಾಪಸ್ ಬರ್ತಾರೆ. ನೀವು ಒಂದು ನಿಮಿಷ ನಿಂತು ನೋಡಿ. ಮೂರನೇ ಭಾಗದಲ್ಲಿ ಹೇಳಿದ್ದು ಮುಗಿದ ಕಥೆಯಲ್ಲ, ಅಲ್ಲಿ ಇವತ್ತಿಗೂ ನಡೀತಿದೆ.

7. ನಾವು ಒಳಗೆ ಹೋದರೆ ಗುಹೆಗೆ ಏನಾಗತ್ತೆ?

ಈಗ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ ಅಂದದ್ದಕ್ಕೆ ಬರೋಣ. ಹನಿಯಿಂದ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋದರೆ ಮಾತ್ರ ಕಲ್ಲು ಬೆಳೆಯತ್ತೆ. ಹೊರಗೆ ಹೋಗಬೇಕಾದರೆ ಗುಹೆಯ ಗಾಳಿಯಲ್ಲಿ ಅದು ಕಡಿಮೆ ಇರಬೇಕು. ನಾವು ಬಿಡೋ ಉಸಿರಲ್ಲಿ ಸುಮಾರು 4 ಶೇಕಡ ಕಾರ್ಬನ್ ಡೈಆಕ್ಸೈಡ್, ಹೊರಗಿನ ಗಾಳಿಯ ನೂರು ಪಟ್ಟು. ಗಾಳಿ ಸರಿಯಾಗಿ ಆಡದ ಕೋಣೆಯಲ್ಲಿ ಜನ ತುಂಬಿದರೆ ಪ್ರತಿಕ್ರಿಯೆ ನಿಧಾನವಾಗತ್ತೆ, ಹೆಚ್ಚಾದರೆ ಹಿಮ್ಮುಖವಾಗತ್ತೆ. ನಮ್ಮ ಉಸಿರಿನ ತೇವ ತಣ್ಣಗಿನ ಕಲ್ಲಿನ ಮೇಲೆ ಹನಿಗಟ್ಟಿ, ಅದರಲ್ಲಿ ನಮ್ಮದೇ ಕಾರ್ಬನ್ ಡೈಆಕ್ಸೈಡ್ ಕರಗಿ, ಬೆಳೆದ ಕಲ್ಲನ್ನೇ ತಿನ್ನೋಕೆ ಶುರು ಮಾಡತ್ತೆ.

ಶಾಖದ ಲೆಕ್ಕವೂ ಇದೆ. ಸುಮ್ಮನೆ ಕೂತ ಮನುಷ್ಯನ ಮೈಯಿಂದಲೇ ಸುಮಾರು 100 ವ್ಯಾಟ್ ಶಾಖ ಬರತ್ತೆ. ಐವತ್ತು ಜನರ ಒಂದು ಬ್ಯಾಚ್ ಅಂದರೆ 5 ಕಿಲೋವ್ಯಾಟ್. 2 ಕಿಲೋವ್ಯಾಟಿನ ಎರಡೂವರೆ ಗೀಸರ್ ಆನ್ ಮಾಡಿಟ್ಟ ಹಾಗೆ.

ದೀಪಗಳದು ಇನ್ನೊಂದು ಸಮಸ್ಯೆ. ಕತ್ತಲಲ್ಲಿ ಹಸಿರು ಬೆಳೆಯಲ್ಲ. ದೀಪ ಹಾಕಿದ ಕಡೆ ಪಾಚಿ ಬರತ್ತೆ. ಪ್ರಪಂಚದ ಪ್ರವಾಸಿ ಗುಹೆಗಳಲ್ಲೆಲ್ಲ ಇದು ತಲೆನೋವು. ಮುಟ್ಟೋದರ ಬಗ್ಗೆ ಹೇಳೋದಾದರೆ, ಬೆರಳಿನ ಎಣ್ಣೆ ಅಂಟಿದ ಜಾಗದಲ್ಲಿ ನೀರು ಮೊದಲಿನಂತೆ ಹರಡಲ್ಲ, ಕೊಳೆ ಕೂರತ್ತೆ, ಕಲ್ಲು ಕಪ್ಪಾಗತ್ತೆ.

ಫ್ರಾನ್ಸಿನ ಲಾಸ್ಕೋ ಗುಹೆ ಇದಕ್ಕೆ ದೊಡ್ಡ ಪಾಠ. ಹಳೆ ಶಿಲಾಯುಗದ ಚಿತ್ರಗಳಿರೋ ಸುಣ್ಣಕಲ್ಲಿನ ಗುಹೆ ಅದು. 1940ರಲ್ಲಿ ಸಿಕ್ಕಿತು, 1948ರಲ್ಲಿ ಜನರಿಗೆ ತೆರೆದರು, 1963ರಲ್ಲಿ ಮುಚ್ಚಬೇಕಾಯಿತು. ಸಾವಿರಾರು ವರ್ಷ ಉಳಿದದ್ದು ಹದಿನೈದು ವರ್ಷದ ಪ್ರವಾಸಿಗರ ಉಸಿರು, ದೀಪ, ಪಾಚಿಗೆ ಹೆದರಿತು. ಈಗ ಜನ ನೋಡೋದು ಪಕ್ಕದಲ್ಲಿ ಕಟ್ಟಿದ ನಕಲನ್ನು.

ಬೆಲುಂನಲ್ಲಿ ಸಪ್ತಸ್ವರ ಗುಹೆ ಅಂತ ಒಂದು ಭಾಗ ಇದೆ. ಅಲ್ಲಿನ ಕಲ್ಲುಗಳನ್ನು ತಟ್ಟಿದರೆ ನಾದ ಬರತ್ತೆ ಅನ್ನೋದೇ ಹೆಸರಿನ ಕಾರಣ. ಎಲ್ಲರಿಗೂ ಒಂದು ಸಲ ತಟ್ಟಿ ನೋಡೋಣ ಅನ್ಸತ್ತೆ. ನಮ್ಮ ಗುಂಪಲ್ಲೂ ಇದರ ಬಗ್ಗೆ ವಾದ ಆಯ್ತು. "ನಾನೊಬ್ಬ ತಟ್ಟಿದರೆ ಏನಾಗತ್ತೆ?" ಅನ್ನೋ ಪ್ರಶ್ನೆಗೆ ಉತ್ತರ ಲೆಕ್ಕದಲ್ಲೇ ಇದೆ. ಆ ಕಲ್ಲು ವರ್ಷಕ್ಕೆ ಒಂದು ಹಾಳೆಯಷ್ಟು ಬೆಳೆಯತ್ತೆ. ಬಂದವರೆಲ್ಲ ಒಂದೊಂದು ಸಲ ತಟ್ಟಿದರೆ ವರ್ಷಕ್ಕೆ ಎಷ್ಟು ಏಟು? ಬಿರುಕು ಬಿಟ್ಟ ಕಲ್ಲಿನಿಂದ ಸ್ವರ ಬರಲ್ಲ.

8. ಕಳೆದುಕೊಂಡರೆ ಏನು ಹೋಗತ್ತೆ?

ಅಂದ ಒಂದೇ ಅಲ್ಲ. ಏಳುಗಲ್ಲನ್ನು ಉದ್ದಕ್ಕೆ ಕೊಯ್ದರೆ ಮರದ ಉಂಗುರದಂತೆ ಪದರಗಳು. ಪ್ರತಿ ಪದರದ ಆಕ್ಸಿಜನ್ ಐಸೊಟೋಪುಗಳಲ್ಲಿ ಆ ಕಾಲದ ಮಳೆಯ ಗುರುತು, ಯುರೇನಿಯಂ ಮತ್ತು ಥೋರಿಯಂ ಪ್ರಮಾಣದಲ್ಲಿ ಅದರ ವಯಸ್ಸು. ಮೇಘಾಲಯದ ಮಾಮ್ಲುಹ್ ಗುಹೆಯ ಒಂದು ಏಳುಗಲ್ಲಿನಲ್ಲಿ ಸುಮಾರು 4,200 ವರ್ಷದ ಹಿಂದೆ ಮಳೆ ಸೋತದ್ದರ ಗುರುತು ಸಿಕ್ಕಿತು. 2018ರಲ್ಲಿ ಭೂವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಸ್ಥೆ ಅಲ್ಲಿಂದ ಇಲ್ಲಿಯವರೆಗಿನ ಕಾಲಕ್ಕೆ "ಮೇಘಾಲಯನ್" ಅಂತಲೇ ಹೆಸರಿಟ್ಟಿತು. ನಾವು ಬದುಕ್ತಿರೋ ಯುಗದ ಹೆಸರು ನಮ್ಮ ದೇಶದ ಒಂದು ಗುಹೆಯ ಹನಿಗಳಿಂದ ಬಂದದ್ದು. ಮುಂಗಾರು ಮುಂದೆ ಹೇಗಿರತ್ತೆ ಅಂತ ತಿಳಿಯೋಕೆ ಹಿಂದೆ ಹೇಗಿತ್ತು ಅನ್ನೋ ದಾಖಲೆ ಬೇಕು. ಅಂಥ ದಾಖಲೆಯ ಮೇಲೆ ಹೆಸರು ಕೆತ್ತೋದು ಅಂದರೆ ಲೈಬ್ರರಿಯ ಒಂದೇ ಪ್ರತಿ ಇರೋ ಪುಸ್ತಕದ ಹಾಳೆ ಹರಿದ ಹಾಗೆ.

ಆಂಧ್ರದವರೆಗೂ ಹೋಗೋಕಾಗದಿದ್ದರೆ ನಮ್ಮ ಉತ್ತರ ಕನ್ನಡ ಇದೆ. ಕುಮಟಾ ತಾಲ್ಲೂಕಿನ ಯಾಣದಲ್ಲಿ 120 ಮೀಟರಿನ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ. ಸುಣ್ಣಕಲ್ಲಿನ ಶಿಖರಗಳು ಅಂತಲೇ ಅವುಗಳನ್ನು ವಿವರಿಸೋದು. ದಾಂಡೇಲಿ ಹತ್ತಿರದ ಕಾಡಿನಲ್ಲಿ ಕವಳಾ ಗುಹೆ. ಅಲ್ಲಿ ಶಿವರಾತ್ರಿಗೆ ಜನ ಪೂಜೆ ಮಾಡೋ ಲಿಂಗವೇ ಒಂದು ಏಳುಗಲ್ಲು. ಹನಿ ಹನಿಯಾಗಿ ತಲೆ ಮೇಲೆ ನೀರು ಬೀಳೋ ಕಲ್ಲನ್ನು ನೋಡಿ ಅಭಿಷೇಕ ಅಂತ ಅಂದುಕೊಂಡ ನಮ್ಮ ಹಿರಿಯರ ಕಣ್ಣು ಸಣ್ಣದಲ್ಲ.

9. ಹೊರಡೋರಿಗೆ

– ಜಾರದ ಷೂ ಹಾಕಿ. ಒಳಗೆ ಸೆಕೆ, ತೇವ ಎರಡೂ ಇರತ್ತೆ. ಹತ್ತಿ ಬಟ್ಟೆ ಒಳ್ಳೆಯದು. ಆಸ್ತಮಾ ಇರೋರು ಮೊದಲೇ ಗುಂಪಿನವರಿಗೆ ಹೇಳಿ.
– ದೊಡ್ಡ ಗುಂಪಾದರೆ ಹತ್ತು ಹತ್ತು ಜನರಾಗಿ ಒಳಗೆ ಹೋಗಿ. ಚಿಕ್ಕ ಕೋಣೆಗಳಲ್ಲಿ ಎಲ್ಲರೂ ಒಟ್ಟಿಗೆ ನಿಲ್ಲಬೇಡಿ.
– ತಿಂಡಿ ಬಸ್ಸಿನಲ್ಲೇ ಇರಲಿ. ನೀರು ಮಾತ್ರ ಒಳಗೆ.
– ಕೈ ಜೇಬಲ್ಲಿರಲಿ. ಕಂಬಿ ಇದ್ದ ಕಡೆ ಕಂಬಿ ಹಿಡಿಯಿರಿ, ಕಲ್ಲನ್ನಲ್ಲ.
– ಬಿದ್ದಿರೋ ಚೂರನ್ನೂ ನೆನಪಿಗೆ ಅಂತ ತರಬೇಡಿ. ನೆನಪಿಗೆ ಕಡಪ ಕಲ್ಲು ಮನೆಯಲ್ಲೇ ಇದೆ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಐದನೇ ಭಾಗದ ಲೆಕ್ಕದಲ್ಲಿ ಹನಿ ನಿಮಿಷಕ್ಕೆ ಒಂದರ ಬದಲು ಹತ್ತು ಬಿದ್ದರೆ ಕಲ್ಲು ಹತ್ತು ಪಟ್ಟು ಬೇಗ ಬೆಳೆಯತ್ತಾ? ಹನಿ ಚಾವಣಿಯಲ್ಲಿ ನೇತಾಡೋ ಸಮಯ ಕಡಿಮೆಯಾದರೆ ಗ್ಯಾಸ್ ಹೊರಹೋಗೋಕೆ ಎಷ್ಟು ಅವಕಾಶ ಸಿಗತ್ತೆ ಅಂತ ಯೋಚಿಸಿ.

2. ಗುಹೆಯ ಮೇಲಿನ ಬಯಲಿನ ಗಿಡಮರ ಎಲ್ಲ ಕಡಿದರೆ ಒಳಗಿನ ಇಳಿಗಲ್ಲುಗಳಿಗೆ ಏನಾಗಬಹುದು? ಮಣ್ಣಿನ ಉಸಿರು ನೆನಪಿರಲಿ.

3. ಸಿವಿಲ್‌ನವರಿಗೆ: ಸಿಮೆಂಟಿಗೂ ಇದೇ ಸುಣ್ಣಕಲ್ಲು ಬೇಕು. ಗುಹೆಯಿರೋ ಬೆಟ್ಟದ ಪಕ್ಕ ಕ್ವಾರಿಗೆ ಅನುಮತಿ ಕೊಡೋ ಮುಂಚೆ ನೀವು ಏನೇನು ಅಳೆಯುತ್ತೀರಿ?

4. ಇಲೆಕ್ಟ್ರಾನಿಕ್ಸ್‌ನವರಿಗೆ: ಜನ ಬಂದಾಗ ಮಾತ್ರ ಉರಿಯೋ, ಪಾಚಿ ಬೆಳೆಸದ, ಹೆಚ್ಚು ಬಿಸಿಯಾಗದ ದೀಪದ ವ್ಯವಸ್ಥೆ ಮಾಡೋದು ಹೇಗೆ? ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಎಲ್ಲಿಡ್ತೀರಿ?

5. ಎಲ್ಲರಿಗೂ: ನಾಲ್ಕನೇ ಭಾಗವನ್ನು ನಿಮ್ಮ ಮನೆಯ ಅಜ್ಜಿಗೋ ತಾತನಿಗೋ ಕನ್ನಡದಲ್ಲಿ ವಿವರಿಸಿ. ಅವರು ಕೇಳೋ ಮೊದಲ ಪ್ರಶ್ನೆಯನ್ನು ಬರೆದು ಕೂಟಕ್ಕೆ ಕಳಿಸಿ. ಉತ್ತರ ಎಲ್ಲರೂ ಸೇರಿ ಹುಡುಕೋಣ.